ಹರಾಜಿನ ಮನೆ ಕೊಳ್ಳೋ ಮುಂಚೆ ಒಂದ್ಸಲ ಬಾಗಿಲು ತಟ್ಟಿ

ಹೋದ ವರ್ಷ ಶ್ರಾವಣದಲ್ಲಿ ಒಂದು ಭಾನುವಾರ. ಇಡ್ಲಿ ಪಾತ್ರೆ ಇನ್ನೂ ಒಲೆ ಮೇಲೇ ಇತ್ತು, ನಮ್ಮ ನಾದಿನಿ ಮಗಳು ಗಂಡನ್ನ ಕರ್ಕೊಂಡು ಬಂದೇಬಿಟ್ಲು. ಕೈಯಲ್ಲಿ ಪೇಪರಿನ ಒಂದು ತುಂಡು. ಹೆಸರು ಬೇಡ, ಮನೇಲಿ ಕರೆಯೋ ಹಾಗೆ ಪುಟ್ಟಿ ಅಂತಲೇ ಬರೀತೀನಿ.

"ಅತ್ತೆ, ಇದನ್ನ ಓದಿ. ನಿಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಎರಡು ಬೆಡ್‌ರೂಮು. ಪಕ್ಕದ ಬಿಲ್ಡಿಂಗಲ್ಲಿ ಎಪ್ಪತ್ತೈದು ಲಕ್ಷ ಹೇಳ್ತಾರೆ, ಇದು ಐವತ್ತೈದಕ್ಕೆ!"

ಕನ್ನಡಕ ಹಾಕ್ಕೊಂಡು ನೋಡಿದೆ. ಬ್ಯಾಂಕಿನವರ ಹರಾಜು ಪ್ರಕಟಣೆ. ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರ. ಸಾಲಗಾರರ ಹೆಸರು, ಜಾಮೀನುದಾರರ ಹೆಸರು, ಬಾಕಿ ಎಷ್ಟು, ಆಸ್ತಿಯ ಚೆಕ್ಕುಬಂದಿ, ಮೀಸಲು ಬೆಲೆ, ಠೇವಣಿ, ಹರಾಜಿನ ತಾರೀಖು. ಕೊನೇಲಿ ಒಂದು ಸಾಲು: ಆಸ್ತಿ ಎಲ್ಲಿದೆಯೋ ಅಲ್ಲೇ, ಹೇಗಿದೆಯೋ ಹಾಗೇ, ಏನಿದೆಯೋ ಅಷ್ಟೇ.

ಇಬ್ಬರ ಮುಖದಲ್ಲೂ ಏನು ಬೆಳಕು ಅಂತೀರ! ಇಂದಿರಾನಗರದ ಹಿಂದುಗಡೆ ಒಂದು ಚಿಕ್ಕ ಮನೇಲಿ ತಿಂಗಳಿಗೆ ಇಪ್ಪತ್ತೈದು ಸಾವಿರ ಬಾಡಿಗೆ ಕೊಟ್ಟು ಕೊಟ್ಟು ಸುಸ್ತಾಗಿದ್ದ ಮಕ್ಕಳು. ಠೇವಣಿ ಕಟ್ಟೋಕ್ಕೆ ಪುಟ್ಟಿ ತನ್ನ ಕಾಸಿನ ಸರ, ನಾಲ್ಕು ಬಳೆ ತೆಗೆದಿಟ್ಟಾಗಿತ್ತು. ನನ್ನ ಹತ್ರ ಕೇಳೋಕ್ಕೆ ಬಂದಿದ್ದು ಸಲಹೆ ಅಲ್ಲ, ಆಶೀರ್ವಾದ.

ಆವತ್ತಿಂದ ನಮ್ಮ ಬಳಗದಲ್ಲಿ, ನಮ್ಮ ಬೀದೀಲಿ ಈ ಹರಾಜಿನ ಮನೆ ಮಾತು ನಿಂತೇ ಇಲ್ಲ. ಒಬ್ಬರು ಲಾಟರಿ ಅಂತಾರೆ, ಇನ್ನೊಬ್ಬರು ಪಾಪದ ಮನೆ ಅಂತಾರೆ. ಇಬ್ಬರ ಮಾತೂ ನನಗೆ ಒಪ್ಪಿಗೆ ಇಲ್ಲ. ಯಾಕೆ ಅಂತ ಹೇಳೋಕ್ಕೇ ಇಷ್ಟುದ್ದ ಬರೀತಿದ್ದೀನಿ.

ನಾನು ಹುಟ್ಟಿ ಬೆಳೆದಿದ್ದು ಹಲಸೂರಲ್ಲಿ, ಸೋಮೇಶ್ವರನ ಗುಡಿ ಹತ್ರದ ಗಲ್ಲೀಲಿ. ನಮ್ಮಜ್ಜಿ ಬಾಯಲ್ಲಿ ಹರಾಜು ಅನ್ನೋ ಮಾತು ಬಂದರೆ ಅದು ಬೈಗುಳ. "ಮಾನ ಹರಾಜು ಹಾಕಿಬಿಟ್ಟ" ಅಂತಿದ್ರು. ಮನೆ ಹರಾಜಿಗೆ ಬಂತು ಅಂದರೆ ಆ ಮನೆಯೋರು ರಾತ್ರೋರಾತ್ರಿ ಊರು ಬಿಟ್ಟರು ಅಂತಲೇ ಅರ್ಥ. ಮದುವೆಯಾಗಿ ದೂರವಾಣಿನಗರದ ಕಡೆ ಬಂದೆ. ಮಾವನವರು ಐಟಿಐ ಕಾರ್ಖಾನೆಯವರು. 1948ರಲ್ಲಿ ಶುರುವಾದ ಕಾರ್ಖಾನೆ, ನಮ್ಮ ಕಡೆ ಎಷ್ಟೋ ಮನೆಯ ಒಲೆ ಅದರ ಸಂಬಳದಲ್ಲೇ ಉರಿದಿದ್ದು. ಆ ಕಾಲದಲ್ಲಿ ಮನೆ ಅಂದರೆ ಸೊಸೈಟಿ ಸೈಟು, ಚೀಟಿ ದುಡ್ಡು, ಹೆಂಡತಿ ಒಡವೆ. ಒಂದೊಂದೇ ರೂಮು ಕಟ್ಟಿಸಿಕೊಂಡು ಹೋಗೋದು. ಸಾಲ ಅಂದರೆ ಭಯ ಇತ್ತು.

ಆಮೇಲೆ ಕೆ.ಆರ್.ಪುರದ ತೂಗುಸೇತುವೆ 2003ರಲ್ಲಿ ಬಂತು, ವೈಟ್‌ಫೀಲ್ಡ್ ಕಡೆ ಕಂಪನಿಗಳು ಬಂದವು, 2023ರಲ್ಲಿ ಮೆಟ್ರೋನೂ ಬಂತು. ರಾಗಿ ಹೊಲ ಇದ್ದಲ್ಲೆಲ್ಲ ಅಪಾರ್ಟ್‌ಮೆಂಟು ಎದ್ದವು. ಸಾಲ ಸುಲಭವಾಯ್ತು. ಸುಲಭವಾಗಿ ಬಂದ ಸಾಲ ಕಷ್ಟಪಟ್ಟು ತೀರಬೇಕಲ್ಲ, ಅಲ್ಲಿ ಕೆಲವರು ಎಡವಿದರು. ಕೆಲಸ ಹೋಯ್ತು, ವ್ಯಾಪಾರ ಕೂತ್ಹೋಯ್ತು, ಕಾಯಿಲೆ ಬಂತು. ಹಾಗೆ ಬಂದಿದ್ದೇ ಪೇಪರಿನ ಈ ಸಾಸಿವೆ ಅಕ್ಷರ.

ಇದು ನಡೆಯೋದು ಹೇಗೆ ಅಂತ ಮೊದಲು ತಿಳ್ಕೊಳ್ಳಿ. ಪುಟ್ಟಿಗೋಸ್ಕರ ನಾನೂ ಆಗಲೇ ಕಲಿತಿದ್ದು.

ಮೂರು ತಿಂಗಳು, ಅಂದರೆ 90 ದಿನ ಕಂತು ಕಟ್ಟದೇ ಹೋದರೆ ಬ್ಯಾಂಕು ಆ ಸಾಲವನ್ನ ಕೆಟ್ಟ ಸಾಲ ಅಂತ ಬರ್ಕೊಳ್ಳುತ್ತೆ. 2002ರಲ್ಲಿ ಬಂದ ಸರ್ಫೇಸಿ ಅನ್ನೋ ಕಾನೂನಿನ ಪ್ರಕಾರ ಬ್ಯಾಂಕು ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಕಾಯಬೇಕಿಲ್ಲ. 60 ದಿನದಲ್ಲಿ ಪೂರ್ತಿ ಕಟ್ಟಿ ಅಂತ ನೋಟೀಸು ಕೊಡುತ್ತೆ. ಆಕ್ಷೇಪಣೆ ಬರೆದುಕೊಟ್ಟರೆ 15 ದಿನದಲ್ಲಿ ಉತ್ತರ ಕೊಡಬೇಕು. 60 ದಿನ ದಾಟಿದರೆ ಮನೆ ಸ್ವಾಧೀನ. ಈ ಸ್ವಾಧೀನದಲ್ಲಿ ಎರಡು ಥರ. ಒಂದು ಸಾಂಕೇತಿಕ, ಅಂದರೆ ಬಾಗಿಲಿಗೆ ನೋಟೀಸು ಅಂಟಿಸಿ ಪೇಪರಲ್ಲಿ ಹಾಕಿದ್ರು ಅಷ್ಟೇ, ಮನೆಯೋರು ಒಳಗೇ ಇರ್ತಾರೆ. ಇನ್ನೊಂದು ನಿಜವಾದ ಸ್ವಾಧೀನ, ಮನೆ ಖಾಲಿಯಾಗಿ ಬೀಗದ ಕೈ ಬ್ಯಾಂಕಿನವರ ಹತ್ರ ಇರುತ್ತೆ. ಈ ಎರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲದೇ ಹೋದರೆ ಮುಂದಿನದು ಏನು ಗೊತ್ತಿದ್ದೂ ಪ್ರಯೋಜನ ಇಲ್ಲ.

ಆಮೇಲೆ ಹರಾಜು. ಈಗ ಎಲ್ಲಾ ಕಂಪ್ಯೂಟರಲ್ಲೇ. ಸರ್ಕಾರಿ ಬ್ಯಾಂಕುಗಳ ಆಸ್ತಿಗೆಲ್ಲ 2025ರ ಜನವರಿಯಿಂದ ಬ್ಯಾಂಕ್‌ನೆಟ್ ಅಂತ ಒಂದೇ ಕಡೆ ಮಾಡಿದ್ದಾರೆ. ಠೇವಣಿ ಸಾಮಾನ್ಯವಾಗಿ ಮೀಸಲು ಬೆಲೆಯ ಹತ್ತನೇ ಒಂದು ಭಾಗ. ನಿಮ್ಮ ಕೂಗೇ ಹೆಚ್ಚಾಗಿ ಮನೆ ನಿಮಗೇ ನಿಂತರೆ ಅವತ್ತೇ, ತಪ್ಪಿದರೆ ಮಾರನೇ ಕೆಲಸದ ದಿನದೊಳಗೆ, ಠೇವಣಿ ಸೇರಿಸಿ ಶೇಕಡ 25 ಕಟ್ಟಬೇಕು. ಉಳಿದ 75 ಭಾಗ, ಮಾರಾಟ ಖಾಯಂ ಮಾಡಿದ 15 ದಿನದೊಳಗೆ. ಬ್ಯಾಂಕು ಬರವಣಿಗೇಲಿ ಒಪ್ಪಿದರೆ ಮೂರು ತಿಂಗಳವರೆಗೆ ಎಳೀಬಹುದು, ಅದಕ್ಕಿಂತ ಇಲ್ಲ. ಕಟ್ಟಲಿಲ್ಲ ಅಂದರೆ ಕಟ್ಟಿದ್ದೂ ಹೋಯ್ತು.

ಪುಟ್ಟಿ ಲೆಕ್ಕ ನಾನೇ ಕ್ಯಾಲೆಂಡರ್ ಹಿಂದೆ ಬರೆದೆ. 58 ಲಕ್ಷಕ್ಕೆ ನಿಂತಿತು ಅಂತಿಟ್ಕೊಳ್ಳಿ. ಠೇವಣಿ ಐದೂವರೆ ಲಕ್ಷ. ಮಾರನೇ ದಿನ ಇನ್ನೂ ಒಂಬತ್ತು ಲಕ್ಷ. ಹದಿನೈದು ದಿನದಲ್ಲಿ ನಲವತ್ಮೂರೂವರೆ ಲಕ್ಷ. "ಲೋನ್ ಆಗುತ್ತೆ ಅತ್ತೆ" ಅಂದ ಹುಡುಗ. ಆಗುತ್ತೋ ಏನೋ, ಆದರೆ ಹದಿನೈದು ದಿನಕ್ಕೆ ಆಗುತ್ತಾ? ಅದೂ ಒಳಗೆ ಬೇರೆ ಸಂಸಾರ ಕೂತಿರೋ ಮನೆಗೆ? ಸಾಲ ಹರಾಜಿಗೆ ಮುಂಚೆನೇ ಮಾತಾಡಿ, ಕಾಗದದಲ್ಲಿ ಮಂಜೂರಾಗಿರಬೇಕು. ಇಲ್ಲದೇ ಹೋದರೆ ಮೊದಲು ಹೋಗೋದು ಪುಟ್ಟಿಯ ಕಾಸಿನ ಸರ.

ಲೆಕ್ಕ ಮುಂದುವರಿಸಿದೆ. ರಿಯಾಯಿತಿ ಹದಿನೇಳು ಲಕ್ಷ, 75ರಲ್ಲಿ 58 ಕಳೆದರೆ. ನೋಂದಣಿ ಖರ್ಚು, ಸ್ಟಾಂಪು ಯಾವ ಮನೆಗೂ ಇದ್ದದ್ದೇ, ಅದನ್ನ ಸೇರಿಸೋದು ಬೇಡ. ಒಳಗಿರೋರು ಬಿಟ್ಟುಕೊಡೋಕ್ಕೆ ಒಂದೂವರೆ ವರ್ಷ ಆಯ್ತು ಅಂದ್ಕೊಳ್ಳಿ. ಆ ಹದಿನೆಂಟು ತಿಂಗಳೂ ಕಂತಿನ ಜೊತೆಗೆ ಈ ಕಡೆ ಬಾಡಿಗೆ ತಪ್ಪಲ್ಲ, ನಾಲ್ಕೂವರೆ ಲಕ್ಷ. ಹಳೇ ಯಜಮಾನ್ರು ಮೂರು ವರ್ಷ ಮೇಂಟೆನೆನ್ಸ್ ಕೊಟ್ಟಿಲ್ಲ, ತಿಂಗಳಿಗೆ ಮೂರೂವರೆ ಸಾವಿರದ ಲೆಕ್ಕದಲ್ಲಿ ಒಂದೂಕಾಲು ಲಕ್ಷದ ಮೇಲಾಯ್ತು. ಕರೆಂಟು ಬಾಕಿ, ಕಂದಾಯ ಬಾಕಿ ನಲವತ್ತು ಸಾವಿರ. ಕರೆಂಟಿನ ಹಳೇ ಬಾಕಿ ಹೊಸಬರ ಹತ್ರ ವಸೂಲಿ ಮಾಡಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ನೆನಪಿರಲಿ. ವಕೀಲರಿಗೆ ಒಂದೂವರೆ ಲಕ್ಷ. ಮನಸ್ಸು ಒಡೆದು ಹೋದೋರು ಬಿಟ್ಟ ಮನೆ ಹೇಗಿರುತ್ತೆ ಗೊತ್ತಲ್ಲ, ನಲ್ಲಿ, ಸ್ವಿಚ್ಚು, ಬಾಗಿಲು ಅಂತ ರಿಪೇರಿಗೆ ನಾಲ್ಕು ಲಕ್ಷ. ಕೂಡಿದರೆ ಹನ್ನೊಂದೂವರೆ ದಾಟಿತು. ಹದಿನೇಳರಲ್ಲಿ ಉಳಿದಿದ್ದು ಐದು ಚಿಲ್ಲರೆ. ಕಾಯೋದು ಮೂರು ವರ್ಷಕ್ಕೆ ಹೋದರೆ ಅದೂ ಕರಗಿ ಒಂದು ಲಕ್ಷಕ್ಕೂ ಕಮ್ಮಿ.

"ಅತ್ತೆ, ನೀವು ಕೆಟ್ಟದ್ದನ್ನೇ ಲೆಕ್ಕ ಹಾಕ್ತೀರ" ಅಂದ್ಲು ಪುಟ್ಟಿ. ಹೌದು ಕಣೇ, ಒಳ್ಳೇದಾದರೆ ಲೆಕ್ಕ ಯಾರಿಗೆ ಬೇಕು? ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋದರೆ ಮುನ್ನೂರು ರೂಪಾಯಿ ಮೀನಿಗೆ ಕಿವಿರು ಎತ್ತಿ ನೋಡ್ತೀವಿ, ಬೆರಳಲ್ಲಿ ಒತ್ತಿ ನೋಡ್ತೀವಿ. ಐವತ್ತೆಂಟು ಲಕ್ಷದ ಮನೆಗೆ ಬಾಗಿಲು ಕೂಡ ತೆಗೆಸದೇ ದುಡ್ಡು ಕಟ್ಟೋದಾ?

"ನಡಿ, ಹೋಗಿ ನೋಡ್ಕೊಂಡು ಬರೋಣ" ಅಂದೆ. ಹುಡುಗ ಬರಲಿಲ್ಲ, ಮುಜುಗರ. ನಾವಿಬ್ಬರೇ ಹೋದ್ವಿ.

ನಾಲ್ಕು ಅಂತಸ್ತಿನ ಸಾಧಾರಣ ಕಟ್ಟಡ. ವಾಚ್‌ಮನ್ ಹತ್ರ ನಂಬರ್ ಹೇಳಿದ ತಕ್ಷಣ ಅವನು ನಮ್ಮನ್ನ ಮೇಲಿಂದ ಕೆಳಗೆ ನೋಡಿದ. ಕೆಳಗಿನ ಮನೆಯಾಕೆ ಮೆಟ್ಟಿಲಲ್ಲೇ ನಿಲ್ಲಿಸಿ, "ಹರಾಜಿಗೆ ಬಂದ್ರಾ? ನಿಮಗಿಂತ ಮುಂಚೆ ಇಬ್ಬರು ಬಂದು ಹೊರಗಿಂದಲೇ ಫೋಟೋ ತಕ್ಕೊಂಡು ಹೋದ್ರು" ಅಂದ್ಲು. ಮೇಲೆ ಹೋದ್ವಿ. ಬಾಗಿಲ ಮುಂದೆ ರಂಗೋಲಿ ಇತ್ತು. ಎರಡು ಜೊತೆ ಸ್ಕೂಲ್ ಶೂ. ಬಾಗಿಲ ಮೇಲೆ ಗೋಂದಿನ ಚೌಕ ಗುರುತು, ಒಂದು ಮೂಲೇಲಿ ಕಿತ್ತು ಉಳಿದ ಪೇಪರಿನ ಚೂರು.

ನಲವತ್ತರ ಹತ್ರದ ಹೆಂಗಸು ಬಾಗಿಲು ತೆಗೆದ್ಲು. ಕೈಯಲ್ಲಿ ಚಪಾತಿ ಹಿಟ್ಟು.

"ಮನೆ ನೋಡೋಕ್ಕೆ ಬಂದ್ವಿ ಅಮ್ಮ" ಅಂದೆ.

"ಯಾವ ಮನೆ? ನಾವು ಮಾರ್ತಾ ಇಲ್ವಲ್ಲ."

ಪುಟ್ಟಿ ನನ್ನ ಸೆರಗು ಹಿಡ್ಕೊಂಡ್ಲು. ನನಗೂ ಬಾಯಿ ಬರಲಿಲ್ಲ. ವಾಚ್‌ಮನ್‌ಗೆ ಗೊತ್ತು, ಕೆಳಗಿನ ಮನೆಯಾಕೆಗೆ ಗೊತ್ತು, ಪೇಪರ್ ಓದಿದ ಊರಿಗೆಲ್ಲ ಗೊತ್ತು. ಆ ಮನೆಯಾಕೆಗೆ ಮಾತ್ರ ಗೊತ್ತಿರಲಿಲ್ಲ.

ಒಳಗೆ ಕರೆದ್ಲು. ಪೇಪರ್ ತುಂಡು ಕೈಗೆ ಕೊಟ್ಟೆ. ಓದ್ತಾ ಓದ್ತಾ ಹಿಟ್ಟಿನ ಕೈ ಪೇಪರಿಗೆ ಅಂಟಿಕೊಂಡಿತು. ಸಾಲಗಾರ ಅಂತ ಗಂಡನ ಹೆಸರು, ಸಹ ಸಾಲಗಾರರು ಅಂತ ಅವಳದೇ ಹೆಸರು. ಗಂಡನ ವ್ಯಾಪಾರಕ್ಕೆ ಮನೆ ಅಡಮಾನ ಇಟ್ಟಿದ್ದು ಗೊತ್ತಿತ್ತಂತೆ. ಕಂತು ನಿಂತಿದ್ದು ಗೊತ್ತಿರಲಿಲ್ಲ. ಬಾಗಿಲಿಗೆ ನೋಟೀಸು ಅಂಟಿಸಿದ ದಿನ ಅವಳು ತವರಿಗೆ ಹೋಗಿದ್ದಳಂತೆ. ಗುರುತು ಏನು ಅಂತ ಕೇಳಿದ್ದಕ್ಕೆ, ಜಾಹೀರಾತಿನೋರು ಅಂಟಿಸಿದ್ರು ಕಿತ್ತು ಹಾಕಿದೆ ಅಂದನಂತೆ ಗಂಡ. ಆಮೇಲೆ ಎದ್ದು ಹೋಗಿ ಬೀರು ಮೇಲಿಂದ ಒಂದು ಬಟ್ಟೆ ಅಂಗಡಿ ಚೀಲ ಇಳಿಸಿದ್ಲು. ತುಂಬ ಕವರುಗಳು. ಅರ್ಧದ್ದು ಒಡೆದೇ ಇರಲಿಲ್ಲ.

"ನಾನು ಸೈನ್ ಹಾಕಿದ್ದೆ ಅಕ್ಕ. ಎಲ್ಲಿ ಪೆನ್ಸಿಲ್ ಗುರುತು ಇತ್ತೋ ಅಲ್ಲೆಲ್ಲ ಹಾಕಿದೆ" ಅಂದ್ಲು. ಅತ್ತಿದ್ದರೆ ನನಗೂ ಒಂಚೂರು ಸುಲಭ ಆಗ್ತಿತ್ತು. ಅಳಲಿಲ್ಲ.

ಈಗ ನನ್ನ ಕಥೆನೂ ಹೇಳಿಬಿಡ್ತೀನಿ, ನಮ್ಮ ಬಳಗದಲ್ಲೇ ಹಲವರಿಗೆ ಗೊತ್ತಿಲ್ಲ. ನಮ್ಮನೆಯವರು ಕೆಲಸ ಬಿಟ್ಟು ಸ್ವಂತ ಲೇತ್ ಹಾಕಿದಾಗ ನಾನೂ ಹೀಗೇ ಬ್ಯಾಂಕಿಗೆ ಹೋಗಿ ಪೆನ್ಸಿಲ್ ಗುರುತು ನೋಡಿ ಸೈನ್ ಹಾಕಿದ್ದೆ. ಮೂವತ್ತು ಹಾಳೆ ಇರಬಹುದು, ಒಂದನ್ನೂ ಓದಲಿಲ್ಲ. ಓದೋಕ್ಕೆ ಬರಲ್ವಾ ಅಂದರೆ, ಬರುತ್ತೆ. ಅಲ್ಲಿ ನಿಂತು ಓದಿದರೆ ಗಂಡನ್ನ ನಂಬಲ್ಲ ಅನ್ನೋ ಹಾಗಾಗುತ್ತಲ್ಲ, ಆ ಸಂಕೋಚ. ಒಂದು ದಿನ ಬ್ಯಾಂಕಿನ ಹುಡುಗ ಬಾಗಿಲಿಗೆ ಬಂದಾಗಲೇ ಎರಡು ಕಂತು ತಪ್ಪಿದೆ ಅಂತ ಗೊತ್ತಾಗಿದ್ದು. ಇವರು ಹೆದರಿಸಬಾರದು ಅಂತ ಹೇಳಿರಲಿಲ್ಲವಂತೆ. ನನ್ನ ಬಳೆ ಮಾರಿ ಕಟ್ಟಿದ್ವಿ, ದಡ ಸೇರಿದ್ವಿ. ಇನ್ನೊಂದು ತಿಂಗಳು ತಡವಾಗಿ ಗೊತ್ತಾಗಿದ್ದರೆ ನಮ್ಮ ಮನೆಯ ಚೆಕ್ಕುಬಂದಿನೂ ಪೇಪರಲ್ಲಿ ಬರೋ ದಾರಿ ಹಿಡೀತಿತ್ತು. ಆ ಹೆಂಗಸಿನ ಎದುರು ಕೂತಾಗ ನನಗೆ ಕಂಡಿದ್ದು ಆ ದಿನ.

ಹಾಗಂತ ಬ್ಯಾಂಕಿನೋರು ರಾಕ್ಷಸರು ಅಂತ ನಾನು ಹೇಳಲ್ಲ. ಅವರು ಸಾಲ ಕೊಟ್ಟಿದ್ದು ನಮ್ಮ ನಿಮ್ಮ ಎಫ್‌ಡಿ ದುಡ್ಡಲ್ಲೇ. ವಸೂಲಾಗದೇ ಹೋದರೆ ನಾವೇ ಬೀದೀಲಿ ನಿಂತು ಕೂಗಾಡ್ತೀವಿ. ಕೊಂಡವರು ಪಾಪಿಗಳು ಅಂತಲೂ ಅನ್ನಲ್ಲ. ನಮ್ಮ ದೊಡ್ಡಮ್ಮ ಫೋನಲ್ಲಿ, "ಕಣ್ಣೀರು ಬಿದ್ದ ಮನೆ, ಅಲ್ಲಿ ಹಾಲು ಉಕ್ಕಿಸಿದರೆ ಒಡೆಯುತ್ತೆ" ಅಂದ್ರು. ಹಾಲು ಒಡೆಯೋದು ಹುಳಿ ತಗುಲಿದರೆ, ದೊಡ್ಡಮ್ಮ. ಮನೆಗೆ ಶಾಪ ಇರಲ್ಲ, ಕಾಗದ ಇರುತ್ತೆ. ನೀವು ಕೊಳ್ಳದೇ ಹೋದರೆ ಇನ್ನೊಬ್ಬರು ಕೊಳ್ತಾರೆ. ಯಾರೂ ಕೊಳ್ಳದೇ ಹೋದರೆ ಬೆಲೆ ಇಳಿಸಿ ಮತ್ತೆ ಹರಾಜು ಹಾಕ್ತಾರೆ, ಆಗ ಸೋತ ಸಂಸಾರಕ್ಕೇ ಇನ್ನೂ ನಷ್ಟ. ಒಳ್ಳೇ ಬೆಲೆಗೆ ಕೊಂಡವರು ಆ ಸಂಸಾರಕ್ಕೂ ಒಂದು ಲೆಕ್ಕದಲ್ಲಿ ಉಪಕಾರಾನೇ ಮಾಡಿದ ಹಾಗೆ. ಯಾಕೆ ಅಂದರೆ ಬ್ಯಾಂಕಿನ ಬಾಕಿ, ಖರ್ಚು ಕಳೆದು ಉಳಿದ ದುಡ್ಡು ಮನೆಯೋರಿಗೇ ವಾಪಸ್ ಬರಬೇಕು. ಇದು ಕಾನೂನಲ್ಲೇ ಇದೆ. ಎಷ್ಟು ಜನಕ್ಕೆ ಗೊತ್ತು?

ಲಾಟರಿ ಅನ್ನೋರಿಗೆ ನನ್ನ ಉತ್ತರ ಮೇಲಿನ ಲೆಕ್ಕದಲ್ಲೇ ಇದೆ. ಆದರೂ ಕೊಳ್ಳಲೇಬೇಕು ಅನ್ನೋರು ಇಷ್ಟು ಕೇಳಿ.

ಬೀಗದ ಕೈ ಬ್ಯಾಂಕಿನ ಹತ್ರ ಇಲ್ಲದ ಮನೆಗೆ ನಮ್ಮಂಥೋರು ಹೋಗಬಾರದು. ಸಾಂಕೇತಿಕ ಸ್ವಾಧೀನ ಅಂತ ಬರೆದಿದ್ದರೆ, ಒಳಗಿರೋರನ್ನ ಎಬ್ಬಿಸೋಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕು, ಪೊಲೀಸರು ಬೇಕು, ಅವರು ಸಾಲ ವಸೂಲಿ ನ್ಯಾಯಮಂಡಳಿಗೆ ಹೋದರೆ ಅದರ ತೀರ್ಪು ಬೇಕು. ಕೂಡಿಟ್ಟ ದುಡ್ಡು ಬೇಕಾದಷ್ಟು ಇರೋರು ಕಾಯಬಹುದು. ಬಾಡಿಗೆ ಕಟ್ಟಿಕೊಂಡು ಕಂತೂ ಕಟ್ಟೋರು ಕಾಯೋಕ್ಕಾಗಲ್ಲ. ಬಾಡಿಗೆದಾರರು ಇದ್ದರೆ ಅವರ ಕರಾರು ಯಾವಾಗಿಂದು, ಅಡಮಾನಕ್ಕಿಂತ ಮುಂಚಿನದಾ ಅಂತಲೂ ಕೇಳಿ.

ನಮ್ಮ ಕಡೆ ಖಾತಾ ತೊಂದರೆ ಬೇರೆ. ಕೆ.ಆರ್.ಪುರ, ಮಹದೇವಪುರ 2007ರವರೆಗೆ ಬೇರೆ ಬೇರೆ ನಗರಸಭೆಗಳಾಗಿದ್ದವು, ಆಮೇಲೆ ಬಿಬಿಎಂಪಿಗೆ ಸೇರಿದವು. 2025ರ ಸೆಪ್ಟೆಂಬರಲ್ಲಿ ಐದು ಪಾಲಿಕೆ ಮಾಡಿದಾಗ ಪೂರ್ವ ನಗರ ಪಾಲಿಕೆಗೆ ಬಂದ್ವಿ. ಇಷ್ಟು ಕೈ ಬದಲಾದ ಊರಲ್ಲಿ ರೆವಿನ್ಯೂ ಸೈಟು, ಬಿ ಖಾತಾ ಎಷ್ಟಿವೆ ಅಂತ ನಿಮಗೇ ಗೊತ್ತು. ಬ್ಯಾಂಕು ಸಾಲ ಕೊಟ್ಟಿದೆ ಅಂದಮೇಲೆ ಕಾಗದ ಸರಿಯಾಗೇ ಇರುತ್ತೆ ಅಂತ ಪುಟ್ಟಿ ಗಂಡ ವಾದ ಮಾಡಿದ. ಆ ಕೊನೇ ಸಾಲು ಓದಪ್ಪ ಅಂದೆ. ಏನಿದೆಯೋ ಅಷ್ಟೇ ಅಂದರೆ, ಕಾಗದದ ಹೊಣೆ ಅವರದಲ್ಲ ಅಂತ. ಇ-ಖಾತಾ ಇದೆಯಾ, ಎ ನೋ ಬಿ ನೋ, ಮೂವತ್ತು ವರ್ಷದ ಇಸಿ ತೆಗೆಸಿದರೆ ಬೇರೆ ಸಾಲ ಕಾಣುತ್ತಾ, ಜಾಗ ರಾಜಕಾಲುವೆ ಪಕ್ಕದ್ದಾ, ಎಲ್ಲಾ ನಾವೇ ನೋಡಬೇಕು. 2022ರ ಸೆಪ್ಟೆಂಬರ್ ಮಳೇಲಿ ಮಹದೇವಪುರದ ಕಡೆ ನೀರು ನುಗ್ಗಿ, ಆಮೇಲೆ ಕಾಲುವೆ ಒತ್ತುವರಿ ಅಂತ ಜೆಸಿಬಿ ಬಂದಿದ್ದು ಮರೀಬೇಡಿ. ಐವತ್ತು ಲಕ್ಷ ಅಥವಾ ಅದರ ಮೇಲಿನ ಆಸ್ತಿಗೆ ಶೇಕಡ ಒಂದು ಟಿಡಿಎಸ್ ಹಿಡಿದು ಕಟ್ಟೋದೂ ಕೊಳ್ಳೋರ ಕೆಲಸ.

ಠೇವಣಿಗೆ ಹೆಂಡತಿ ಒಡವೆ ಇಡಬೇಡಿ. ಒಡವೆ ಇರೋದು ಬಾಗಿಲಿಗೆ ಬ್ಯಾಂಕಿನ ಹುಡುಗ ಬಂದ ದಿನಕ್ಕೆ. ನನ್ನ ಬಳೆ ಆ ದಿನಕ್ಕೆ ಉಳಿದಿತ್ತು, ಅದಕ್ಕೇ ಇವತ್ತು ಈ ಮನೇಲಿ ಕೂತು ಬರೀತಿದ್ದೀನಿ.

ಮತ್ತೆ, ಬಾಗಿಲು ತಟ್ಟಿ. ಹೊರಗಿಂದ ಫೋಟೋ ತಕ್ಕೊಂಡು ಹೋಗಬೇಡಿ. ಪ್ರಕಟಣೇಲೇ ಆಸ್ತಿ ಪರಿಶೀಲನೆಗೆ ದಿನ ಕೊಟ್ಟಿರ್ತಾರೆ, ಬ್ಯಾಂಕಿನೋರ ಜೊತೆ ಹಗಲಲ್ಲಿ ಹೋಗಿ. ಒಳಗೆ ಯಾರಿದ್ದಾರೆ, ಅವರಿಗೆ ವಿಷಯ ಗೊತ್ತಾ, ಕೇಸು ಹಾಕಿದ್ದಾರಾ ಅಂತ ಕೇಳಿ. ಆ ಮನೆಯೋರ ಮುಖ ನೋಡೋಕ್ಕೆ ನಿಮಗೆ ಧೈರ್ಯ ಇಲ್ಲ ಅಂದರೆ, ನಾಳೆ ಅವರನ್ನ ಎಬ್ಬಿಸೋ ಧೈರ್ಯ ಎಲ್ಲಿಂದ ಬರುತ್ತೆ?

ಇನ್ನು ನಾನು ನಿಜವಾಗಿ ಹೇಳಬೇಕಾಗಿರೋದು ಕೊಳ್ಳೋರಿಗಲ್ಲ, ಈಗಾಗಲೇ ಮನೆ ಇರೋ ನಮ್ಮ ಹೆಂಗಸರಿಗೆ.

ಮನೆಗೆ ಬರೋ ಕವರು ಒಡೀರಿ. ಗಂಡನ ಹೆಸರಿಗೆ ಬಂದಿದ್ದು ಅಂತ ಬೀರು ಮೇಲೆ ಇಡಬೇಡಿ. ಸಹ ಸಾಲಗಾರರು ಅಂತ ನೀವು ಸೈನ್ ಹಾಕಿದ್ದರೆ ಆ ಕವರು ನಿಮ್ಮದೂ ಹೌದು. ತಿಂಗಳಿಗೊಂದ್ಸಲ ಗ್ಯಾಸ್ ಬುಕ್ ಮಾಡೋ ಹಾಗೆ, ಕಂತು ಹೋಯ್ತಾ ಅಂತ ಪಾಸ್‌ಬುಕ್ ನೋಡಿ. ಗಂಡ ಬೇಜಾರು ಮಾಡ್ಕೊಂಡರೆ ಮಾಡ್ಕೊಳ್ಳಲಿ, ಎರಡು ದಿನದ ಬೇಜಾರು.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದರೆ ಇಲ್ಲಿ ಎಲ್ಲಾ ದಿನದ ಲೆಕ್ಕ. 60 ದಿನದ ನೋಟೀಸು ಬಂದಾಗ ಗೊತ್ತಾದರೆ ಬ್ಯಾಂಕಿಗೆ ಹೋಗಿ ಮಾತಾಡಬಹುದು, ಒಂದೇ ಗಂಟಲ್ಲಿ ತೀರಿಸ್ತೀವಿ ಎಷ್ಟು ಬಿಡ್ತೀರಿ ಅಂತ ಕೇಳಬಹುದು. ಬ್ಯಾಂಕಿನ ಒಪ್ಪಿಗೆ ತಗೊಂಡು ನೀವೇ ಮನೆ ಮಾರಬಹುದು. ನೀವು ಮಾರಿದರೆ ಎಪ್ಪತ್ತಕ್ಕೆ ಹೋಗೋದು ಹರಾಜಲ್ಲಿ ಐವತ್ತೈದಕ್ಕೆ ನಿಲ್ಲುತ್ತೆ. ಸ್ವಾಧೀನಕ್ಕೆ ಬಂದಮೇಲೂ 45 ದಿನದೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಆದರೆ ಹರಾಜು ಪ್ರಕಟಣೆ ಪೇಪರಲ್ಲಿ ಬಂತು ಅಂದರೆ, ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳೋ ಹಕ್ಕೇ ಹೋಗುತ್ತೆ. 2016ರಲ್ಲಿ ಕಾನೂನು ತಿದ್ದಿ ಹಾಗೆ ಮಾಡಿದ್ದಾರೆ, 2023ರ ಸೆಪ್ಟೆಂಬರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿದಿದೆ. ಪುಟ್ಟಿ ಆ ಪೇಪರ್ ತುಂಡು ಕತ್ತರಿಸಿಕೊಂಡ ದಿನವೇ ಆ ಹೆಂಗಸಿನ ಬಾಗಿಲು ಮುಚ್ಚಿ ಹೋಗಿತ್ತು.

ವಕೀಲರಿಗೆ ದುಡ್ಡಿಲ್ಲ ಅನ್ನಬೇಡಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಉಚಿತವಾಗಿ ವಕೀಲರನ್ನ ಕೊಡ್ತಾರೆ. 1987ರ ಕಾನೂನು ಅದು, ಹೆಂಗಸು ಅಂದಮೇಲೆ ಆದಾಯ ಎಷ್ಟು ಅಂತ ನೋಡೋ ಹಾಗಿಲ್ಲ.

ಪುಟ್ಟಿ ಕೂಗಲಿಲ್ಲ. ನಾನು ಬೇಡ ಅಂದಿದ್ದಕ್ಕಲ್ಲ, ಆ ಶೂ ಜೊತೆಗಳನ್ನ ನೋಡಿದ್ದಕ್ಕೂ ಅಲ್ಲವಂತೆ. "ಕವರು ಒಡೀದೇ ಇಟ್ಟಿದ್ರಲ್ಲ ಅತ್ತೆ, ಅದು ನೋಡಿ ಭಯ ಆಯ್ತು. ನಮ್ಮನೇಲಿ ಲೋನ್ ಮೆಸೇಜು ಬರೋದು ಇವರ ಫೋನಿಗೆ ಮಾತ್ರ" ಅಂದ್ಲು. ಈಗ ಇವಳ ಫೋನಿಗೂ ಬರುತ್ತೆ. ಇನ್ನೂ ಬಾಡಿಗೆ ಮನೇಲೇ ಇದ್ದಾರೆ. ಕಾಸಿನ ಸರ ಗೌರಿ ಹಬ್ಬದಲ್ಲಿ ಕೊರಳಲ್ಲಿತ್ತು.

ಆ ಹೆಂಗಸು ಮಾರನೇ ವಾರ ಅದೇ ಚೀಲ ಹಿಡ್ಕೊಂಡು ನಮ್ಮನೆಗೆ ಬಂದ್ಲು. ಊಟದ ಮೇಜಿನ ಮೇಲೆ ಕವರುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿದ್ವಿ. ಮೊದಲನೇ ಹರಾಜಿಗೆ ಯಾರೂ ಬರಲಿಲ್ಲ. ಬೆಲೆ ಇಳಿಸಿ ಎರಡನೇ ಸಲ ಹಾಕಿದಾಗ ಯಾರೋ ಐವತ್ತಾರಕ್ಕೆ ತಗೊಂಡ್ರು. ಉಚಿತ ವಕೀಲರು ಮಕ್ಕಳ ಪರೀಕ್ಷೆ ಮುಗಿಯೋವರೆಗೆ ಸಮಯ ಕೇಳಿ ಕೊಡಿಸಿದ್ರು, ಮನೆ ಉಳಿಸೋಕ್ಕಾಗಲಿಲ್ಲ. ಬಾಕಿ ನಲವತ್ತೊಂದು ಲಕ್ಷದ ಹತ್ರ ಇತ್ತು. ಉಳಿದ ದುಡ್ಡಿನ ಲೆಕ್ಕ ಕೊಡಿ ಅಂತ ಅವಳೇ ತನ್ನ ಹೆಸರಲ್ಲಿ ಬ್ಯಾಂಕಿಗೆ ಅರ್ಜಿ ಬರೆದ್ಲು. ಬರೆದಾದಮೇಲೆ ನನಗೆ ಕೊಟ್ಟು ಓದಿ ಅಂದ್ಲು, ನಾನು ಓದಿದೆ. ಆಮೇಲೆ ಅವಳೂ ಇನ್ನೊಂದ್ಸಲ ಪೂರ್ತಿ ಓದಿ ಸೈನ್ ಹಾಕಿದ್ಲು.